ಮೀನಿಗೆ ಐವತ್ತೈದು, ಹಿಟ್ಟಿಗೆ ತೊಂಬತ್ತೈದು

ಬ್ರಿಟನ್ನಿನ ಮನೆಗಳಲ್ಲಿ ವಾರದ ನಡುವೆ, ಕೆಲಸ ಮುಗಿಸಿ ಬಂದವರು ಮಕ್ಕಳ ಹೋಂವರ್ಕ್ ನೋಡಿಕೊಳ್ಳುತ್ತಲೇ ಮಾಡಿ ಮುಗಿಸುವ ಅಡುಗೆಗಳಲ್ಲಿ ಮೀನು-ಪಾಸ್ತಾ ಬೇಕ್ ಒಂದು. ಸಾಮಗ್ರಿ ಸರಳ: ಬೇಯಿಸಿದ ಪಾಸ್ತಾ, ಬೆಣ್ಣೆ-ಮೈದಾ-ಹಾಲು ಕೂಡಿಸಿ ಕಾಯಿಸಿದ ಬಿಳಿ ಸಾಸ್, ಹ್ಯಾಡಕ್ ಅಥವಾ ಕಾಡ್ ಮೀನಿನ ತುಂಡು, ಒಂದು ಹಿಡಿ ಬಟಾಣಿ, ಮೇಲೆ ತುರಿದ ಚೆಡ್ಡರ್ ಚೀಸ್ ಮತ್ತು ಬ್ರೆಡ್ ಪುಡಿ. ಎಲ್ಲವನ್ನೂ ಅಗಲ ಬಾಯಿಯ ಪಾತ್ರೆಗೆ ಸುರಿದು ಓವನ್ನಿಗೆ ತಳ್ಳಿದರೆ ಅರ್ಧ ಗಂಟೆಯೊಳಗೆ ಊಟ ಸಿದ್ಧ. ನಾಲ್ಕು ಜನರ ಮನೆಗೆ 300 ಗ್ರಾಂ ಪಾಸ್ತಾ, 450 ಗ್ರಾಂ ಮೀನು, 600 ಮಿಲಿಲೀಟರ್ ಹಾಲು, ತಲಾ 50 ಗ್ರಾಂ ಬೆಣ್ಣೆ ಮತ್ತು ಮೈದಾ, 150 ಗ್ರಾಂ ಚೀಸ್ ಸಾಕು.

ಕೇಳಲು ಇಷ್ಟು ಸಲೀಸು. ಥರ್ಮಾಮೀಟರ್ ಹಿಡಿದು ನೋಡಿದವರಿಗೆ ಮಾತ್ರ ಇದು ಹೊಂದಾಣಿಕೆಯಿಲ್ಲದ ಸಂಸಾರ. ಮೀನಿನ ಮಾಂಸ 50ರಿಂದ 60 ಡಿಗ್ರಿ ಸೆಲ್ಸಿಯಸ್‌ನೊಳಗೆ ಹದಕ್ಕೆ ಬರುತ್ತದೆ. 70 ದಾಟಿದರೆ ರಸ ಸೋರಿ ನಾರುನಾರಾಗುತ್ತದೆ. ಮೈದಾ ಹಾಲನ್ನು ಗಟ್ಟಿ ಮಾಡಬೇಕಿದ್ದರೆ ತಾಪ 90 ಡಿಗ್ರಿಯ ಮೇಲಕ್ಕೆ ಹೋಗಲೇಬೇಕು. ಪಾಸ್ತಾಕ್ಕೆ ಕುದಿಯುವ ನೀರೇ ಬೇಕು. ಮೇಲಿನ ಹೊಂಬಣ್ಣದ ಗರಿಗರಿ ಪದರಕ್ಕೆ 140 ಡಿಗ್ರಿಗಿಂತ ಕಡಿಮೆ ಶಾಖ ಸಾಲುವುದಿಲ್ಲ. ಇವರೆಲ್ಲರನ್ನೂ ಒಂದೇ ಪಾತ್ರೆಯಲ್ಲಿ ಕೂಡಿಹಾಕಿ, 200 ಡಿಗ್ರಿಯ ಓವನ್ನಿನಲ್ಲಿಟ್ಟು, ಯಾರೊಬ್ಬರೂ ಕೆಡದಂತೆ ಹೊರತೆಗೆಯುವುದು ಹೇಗೆ? ಉತ್ತರ ಅಡಗಿರುವುದು ಪಾತ್ರೆಯನ್ನು ಓವನ್ನಿಗೆ ಇಡುವ ಮುಂಚಿನ ಕೆಲಸಗಳ ಅನುಕ್ರಮದಲ್ಲಿ.

ಕೆನೆಯಿಲ್ಲದ ಕೆನೆತನ

ಬಿಳಿ ಸಾಸ್ ನಾಲಿಗೆಗೆ ಕೆನೆಯಂತೆ ಹತ್ತುತ್ತದೆ. ಆದರೆ ಅದರಲ್ಲಿ ಕೆನೆ ಇರಲೇಬೇಕೆಂದಿಲ್ಲ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಆ ನೀರನ್ನು ಹಿಡಿದು ನಿಲ್ಲಿಸುವ ಕೆಲಸ ಮೈದಾದ್ದು. ಗೋಧಿಯ ಪಿಷ್ಟ ಸಣ್ಣ ಸಣ್ಣ ಕಣಗಳ ರೂಪದಲ್ಲಿರುತ್ತದೆ. ದೊಡ್ಡ ಕಣವೆಂದರೂ ಒಂದು ಮಿಲಿಮೀಟರಿನ ನೂರರಲ್ಲಿ ಎರಡು-ಮೂರು ಭಾಗದಷ್ಟು ಅಗಲ. ತಣ್ಣೀರಿನಲ್ಲಿ ಅದು ಸುಮ್ಮನೆ ತಳಕ್ಕೆ ಕೂರುತ್ತದೆ. ತಾಪ 55-60 ಡಿಗ್ರಿ ಮುಟ್ಟಿದಾಗ ಕಣದೊಳಗಿನ ಬಿಗಿಯಾದ ಜೋಡಣೆ ಸಡಿಲಗೊಂಡು ನೀರು ಒಳನುಗ್ಗತೊಡಗುತ್ತದೆ. ಕಣ ಉಬ್ಬುತ್ತದೆ, ಪಕ್ಕದ ಕಣಕ್ಕೆ ತಾಗುತ್ತದೆ. 90 ಡಿಗ್ರಿಯ ಆಚೆ ಅಮೈಲೋಸ್ ಎಂಬ ಉದ್ದನೆಯ ಪಿಷ್ಟದ ಎಳೆಗಳು ಕಣದಿಂದ ಹೊರಬಂದು ಸುತ್ತಲಿನ ನೀರಿನಲ್ಲಿ ಬಲೆ ಹರಡುತ್ತವೆ. ಸಾಸ್ ಒಮ್ಮೆಲೇ ಗಟ್ಟಿಯಾದಂತೆ ಕಾಣುವುದು ಆಗಲೇ. ಹಾಲು ಬರೀ ಬೆಚ್ಚಗಾದಾಗ, ‘ಇನ್ನೂ ನೀರು ನೀರಾಗಿದೆ’ ಎಂದು ಇನ್ನಷ್ಟು ಹಿಟ್ಟು ಸುರಿದವರು ಐದು ನಿಮಿಷದ ನಂತರ ಸೌಟು ನಿಲ್ಲುವಂಥ ಅಂಟಿನ ಮುಂದೆ ನಿಂತಿರುತ್ತಾರೆ.

ಹಿಟ್ಟನ್ನು ನೇರವಾಗಿ ಬಿಸಿ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಗಂಟಿನ ಹೊರಗಿನ ಕಣಗಳು ಮೊದಲು ನೀರು ಕುಡಿದು ಅಂಟಾಗಿ, ಒಳಗಿನ ಒಣಹಿಟ್ಟಿಗೆ ನೀರು ಹೋಗದಂತೆ ದಾರಿ ಮುಚ್ಚಿಬಿಡುತ್ತವೆ. ಆಮೇಲೆ ಎಷ್ಟು ಕುದಿಸಿದರೂ ಒಡೆದು ನೋಡಿದಾಗ ನಡುವೆ ಬಿಳಿ ಪುಡಿ ಹಾಗೇ ಇರುತ್ತದೆ. ರಾಗಿ ಅಂಬಲಿ ಕಾಯಿಸುವವರು ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ ಆಮೇಲೆ ಕುದಿನೀರಿಗೆ ಬಿಡುವುದು ಇದೇ ಕಾರಣಕ್ಕೆ. ಯುರೋಪಿನ ಅಡುಗೆಯವರು ತಣ್ಣೀರಿನ ಬದಲು ಬೆಣ್ಣೆ ಹಿಡಿದರು. ಕರಗಿದ ಬೆಣ್ಣೆಯಲ್ಲಿ ಅಷ್ಟೇ ತೂಕದ ಮೈದಾ ಹಾಕಿ ಎರಡು ನಿಮಿಷ ಹುರಿದರೆ ಒಂದೊಂದು ಕಣಕ್ಕೂ ಕೊಬ್ಬಿನ ಲೇಪ ಬಂದು ಕಣಗಳು ಬಿಡಿಬಿಡಿಯಾಗುತ್ತವೆ. ಹಸಿ ಹಿಟ್ಟಿನ ವಾಸನೆಯೂ ಹೋಗುತ್ತದೆ. ಆಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕೈಯಾಡಿಸಿದರೆ ಗಂಟಿನ ಮಾತೇ ಇಲ್ಲ. ಹಿಟ್ಟು-ಕೊಬ್ಬು ಕೂಡಿಸಿ ಸಾರು ಗಟ್ಟಿ ಮಾಡುವ ಈ ವಿಧಾನ ಫ್ರಾನ್ಸಿನ ಫ್ರಾಂಸ್ವಾ ಪಿಯೆರ್ ಲಾ ವರೆನ್ 1651ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲೇ ಇದೆ.

ಅಮೆರಿಕದ ಮನೆಗಳು ಈ ಕೈಕೆಲಸವನ್ನೂ ತಪ್ಪಿಸಿಕೊಂಡವು. ಕ್ಯಾಂಪ್‌ಬೆಲ್ ಕಂಪನಿ 1934ರಲ್ಲಿ ಅಣಬೆಯ ಕ್ರೀಮ್ ಸೂಪನ್ನು ಡಬ್ಬಿಯಲ್ಲಿ ತಂದಿತು. ನೀರು ಬೆರೆಸಿ ಕುಡಿಯಬೇಕಾದ ಆ ಗಟ್ಟಿ ಸೂಪು ಬಹುಬೇಗ ಸಿದ್ಧ ಬಿಳಿ ಸಾಸ್ ಆಗಿಬಿಟ್ಟಿತು. ಡಬ್ಬಿ ಸೂಪು, ಡಬ್ಬಿ ಟ್ಯೂನಾ, ಬೇಯಿಸಿದ ನೂಡಲ್ಸ್ ಸೇರಿಸಿ ಓವನ್ನಿಗಿಡುವ ಟ್ಯೂನಾ ನೂಡಲ್ ಕ್ಯಾಸರೋಲ್ ಇಪ್ಪತ್ತನೇ ಶತಮಾನದ ನಡುಭಾಗದ ಅಮೆರಿಕನ್ ಊಟದ ಮೇಜಿನ ಗುರುತೇ ಆಯಿತು.

ಪಾಸ್ತಾ ಎಂಬ ಬಾಯಾರಿದ ಗೋಧಿ

ಸಾಸ್‌ನಲ್ಲಿ ಪಿಷ್ಟ ಉಬ್ಬಬೇಕು, ಹರಡಬೇಕು. ಪಾಸ್ತಾದಲ್ಲಿ ಅದೇ ಪಿಷ್ಟ ಉಬ್ಬಬೇಕು, ಆದರೆ ಆಚೆ ಬರಕೂಡದು. ಅದನ್ನು ಹಿಡಿದಿಡುವುದು ಗ್ಲುಟೆನ್ ಎಂಬ ಪ್ರೋಟೀನಿನ ಜಾಲ. ಈ ಜಾಲ ಬಿಗಿಯಾಗಿರಲೆಂದೇ ಪಾಸ್ತಾಕ್ಕೆ ಡ್ಯೂರಮ್ ಗೋಧಿಯ ರವೆ ಬಳಸುತ್ತಾರೆ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್‌ನಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಬಂತು.

ಡ್ಯೂರಮ್ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಉತ್ತರ ಕರ್ನಾಟಕದ ಕಪ್ಪು ನೆಲದಲ್ಲಿ ಹಿಂಗಾರಿನ ಬೆಳೆಯಾಗಿ ಅದನ್ನು ಬೆಳೆಯುತ್ತ ಬಂದಿದ್ದಾರೆ; ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡ್ಯೂರಮ್ ತಳಿಗಳನ್ನೂ, ಅದರ ಹಿರಿಯ ಸಂಬಂಧಿ ಜವೆ ಗೋಧಿಯ ತಳಿಗಳನ್ನೂ ಅಭಿವೃದ್ಧಿಪಡಿಸಿದೆ. ಇವೆರಡರಲ್ಲೂ 28 ವರ್ಣತಂತುಗಳು. ಬ್ರೆಡ್ಡಿಗೂ ಚಪಾತಿಗೂ ಒದಗುವ ಸಾಮಾನ್ಯ ಗೋಧಿಯಲ್ಲಿ 42. ಡ್ಯೂರಮ್ ಕಾಳು ಎಷ್ಟು ಗಡುಸೆಂದರೆ ಬೀಸುವಾಗ ನುಣ್ಣನೆ ಪುಡಿಯಾಗದೆ ಹಳದಿ ರವೆಯಾಗಿ ಒಡೆಯುತ್ತದೆ.

ಕುದಿಯುವ ನೀರಿಗೆ ಬಿದ್ದ ಪಾಸ್ತಾದಲ್ಲಿ ಪಿಷ್ಟವೂ ಪ್ರೋಟೀನೂ ನೀರಿಗಾಗಿ ಪೈಪೋಟಿ ನಡೆಸುತ್ತವೆ. ಪ್ರೋಟೀನ್ ಬೇಗ ಗಟ್ಟಿಯಾಗಿ ಜಾಲ ಬಿಗಿದರೆ ಪಿಷ್ಟ ಒಳಗೇ ಉಬ್ಬಿ ಪಾಸ್ತಾ ಕಚ್ಚಲು ಗಟ್ಟಿಯಾಗಿರುತ್ತದೆ. ಜಾಲ ದುರ್ಬಲವಾಗಿದ್ದರೆ ಪಿಷ್ಟ ಹೊರಗೆ ಸೋರಿ, ನೀರು ಬಿಳಿಚಿ, ಪಾಸ್ತಾ ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಬೆಂದ ಪಾಸ್ತಾದ ತೂಕ ಒಣ ಪಾಸ್ತಾದ ಎರಡು ಪಟ್ಟಿಗೂ ಮಿಗಿಲು. 300 ಗ್ರಾಂ ಹಾಕಿದರೆ 650-700 ಗ್ರಾಂ ಸಿಗುತ್ತದೆ.

ಅಷ್ಟಕ್ಕೇ ಅದರ ಬಾಯಾರಿಕೆ ತೀರುವುದಿಲ್ಲ. ಸಾಸ್‌ನಲ್ಲಿ ಕೂತಾಗಲೂ ಅದು ನೀರು ಹೀರುತ್ತಲೇ ಇರುತ್ತದೆ. ಬೇಕ್ ಒಣಗಿ ಹೆಂಟೆಯಾಯಿತು ಎಂದು ದೂರುವವರು ಬಹುಪಾಲು ಸಲ ಎರಡು ಕಡೆ ಎಡವಿರುತ್ತಾರೆ: ಪಾಸ್ತಾವನ್ನು ಪೂರ್ತಿ ಬೇಯಿಸಿರುತ್ತಾರೆ, ಸಾಸನ್ನು ಬಡಿಸುವ ಹದಕ್ಕೇ ಗಟ್ಟಿ ಮಾಡಿರುತ್ತಾರೆ. ಪೊಟ್ಟಣದ ಮೇಲೆ ಬರೆದ ಅವಧಿಗಿಂತ ಎರಡು-ಮೂರು ನಿಮಿಷ ಮೊದಲೇ ಪಾಸ್ತಾ ಬಸಿಯಬೇಕು. ಸಾಸ್ ಚಮಚದ ಹಿಂಬದಿಗೆ ತೆಳ್ಳಗೆ ಹತ್ತಿ ಇಳಿಯುವಷ್ಟು ನೀರಾಗಿರಬೇಕು. ಉಳಿದ ನೀರನ್ನು ಪಾಸ್ತಾ ಓವನ್ನಿನಲ್ಲಿ ತಾನೇ ಲೆಕ್ಕ ಹಾಕಿ ಕುಡಿದುಕೊಳ್ಳುತ್ತದೆ.

ತಣ್ಣೀರಿನ ಮೀನು, ಬೇಗ ಮುನಿಯುವ ಮಾಂಸ

ಮೀನಿನ ಸ್ನಾಯು ಕುರಿ-ಕೋಳಿಯದರಂತಲ್ಲ. ನೆಲದ ಪ್ರಾಣಿ ತನ್ನ ಭಾರವನ್ನು ತಾನೇ ಹೊರಬೇಕು. ಮೀನಿನ ಭಾರವನ್ನು ನೀರು ಹೊರುತ್ತದೆ. ಹಾಗಾಗಿ ಅದಕ್ಕೆ ಗಟ್ಟಿ ಸ್ನಾಯುಬಂಧಗಳ ಅಗತ್ಯ ಕಡಿಮೆ. ಗಿಡ್ಡನೆಯ ನಾರುಗಳು ಪದರಪದರವಾಗಿ ಕೂತಿರುತ್ತವೆ. ಪದರಗಳ ನಡುವೆ ಕಾಲಜನ್ ಎಂಬ ಪ್ರೋಟೀನಿನ ತೆಳು ಪೊರೆ. ಬಿಸಿ ತಗುಲಿದಾಗ ಆ ಪೊರೆ ಕರಗಿ ಜೆಲಾಟಿನ್ ಆಗುತ್ತದೆ, ಪದರಗಳು ಬಿಡಿಸಿಕೊಳ್ಳುತ್ತವೆ. ಬೆಂದ ಹ್ಯಾಡಕ್ ಮುಳ್ಳುಚಮಚ ತಾಗಿಸಿದೊಡನೆ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುವುದು ಈ ಕಾರಣಕ್ಕೆ. ಉತ್ತರ ಅಟ್ಲಾಂಟಿಕ್‌ನ ಕೊರೆಯುವ ನೀರಿನಲ್ಲಿ ಬದುಕುವ ಕಾಡ್, ಹ್ಯಾಡಕ್‌ಗಳ ಕಾಲಜನ್ ಬೆಚ್ಚನೆಯ ಸಮುದ್ರದ ಮೀನುಗಳದಕ್ಕಿಂತ ಕಡಿಮೆ ತಾಪಕ್ಕೇ ಸೋಲುತ್ತದೆ.

ನಾರುಗಳೊಳಗಿನ ಮಯೋಸಿನ್ ಎಂಬ ಪ್ರೋಟೀನ್ 40 ಡಿಗ್ರಿಯಿಂದಲೇ ಮುದುಡಲು ಶುರುಮಾಡಿ, 50ರ ಹೊತ್ತಿಗೆ ಗಟ್ಟಿಯಾಗಿ, ಪಾರದರ್ಶಕ ಮಾಂಸವನ್ನು ಅಚ್ಚ ಬಿಳಿ ಮಾಡುತ್ತದೆ. 55ರ ಸುತ್ತ ಮೀನು ಬೆಂದೂ ರಸಭರಿತವಾಗಿರುತ್ತದೆ. ತಾಪ ಇನ್ನೂ ಏರಿದಂತೆ ಉಳಿದ ಪ್ರೋಟೀನುಗಳೂ ಮುದುಡಿ ನೀರನ್ನು ಹೊರದೂಡುತ್ತವೆ. ಸಾಲ್ಮನ್ ತುಂಡಿನ ಮೇಲೆ ಮೊಸರಿನ ಕೆನೆಯಂಥ ಬಿಳಿ ಹರಳು ಉಕ್ಕಿ ನಿಂತಿದ್ದರೆ, ಅದು ಕೊಬ್ಬಲ್ಲ. ಹಿಂಡಿ ಹೊರಬಂದ ರಸದಲ್ಲಿದ್ದ ಪ್ರೋಟೀನು. ಆ ಮೀನು ಹದ ದಾಟಿದೆ ಎಂಬ ಗುರುತು. ಹಾಗೆ ಹೊರಬಿದ್ದ ನೀರು ಬೇಕ್‌ನ ತಳದಲ್ಲಿ ಸೇರಿ ಸಾಸನ್ನೂ ಒಡೆಯುತ್ತದೆ. ಬೇಯಿಸುವ ಅರ್ಧ ಗಂಟೆ ಮೊದಲು ಮೀನಿಗೆ ಉಪ್ಪು ಸವರಿಟ್ಟರೆ ಸೋರಿಕೆ ತಗ್ಗುತ್ತದೆ. ಉಪ್ಪಿಗೆ ಮಯೋಸಿನ್ ಭಾಗಶಃ ಕರಗಿ, ಬೆಂದಾಗ ನೀರನ್ನು ಹಿಡಿದಿಡುವ ಜೆಲ್ ಆಗುತ್ತದೆ.

ಸ್ಕಾಟ್ಲೆಂಡಿನ ಹೊಗೆ ಹಾಕಿದ ಹ್ಯಾಡಕ್ ಈ ಅಡುಗೆಗೆ ಹೇಳಿಮಾಡಿಸಿದಂತಿರುವುದೂ ಅದಕ್ಕೇ. ಅದನ್ನು ಉಪ್ಪುನೀರಿನಲ್ಲಿ ಅದ್ದಿ, ತಣ್ಣನೆಯ ಹೊಗೆಗೆ ಒಡ್ಡಿರುತ್ತಾರೆ. ಮಾಂಸ ಹಸಿಯಾಗೇ ಇರುತ್ತದೆ. ಅದನ್ನು ಹಾಲಿನಲ್ಲಿ ಹದವಾಗಿ ಕಾಯಿಸಿದರೆ ಹೊಗೆಯ ಪರಿಮಳ ಹಾಲಿಗಿಳಿಯುತ್ತದೆ. ಸಾಸ್ ಮಾಡುವುದು ಅದೇ ಹಾಲಿನಲ್ಲಿ. ಆರ್ಬ್ರೋತ್ ಊರಿನ ‘ಸ್ಮೋಕಿ’ ಎಂಬ ಹ್ಯಾಡಕ್ ಬೇರೆ ಬಗೆಯದು. ಅದನ್ನು ಬಿಸಿ ಹೊಗೆಯಲ್ಲೇ ಬೇಯಿಸಿರುತ್ತಾರೆ. 2004ರಲ್ಲಿ ಅದಕ್ಕೆ ಯುರೋಪಿನ ಭೌಗೋಳಿಕ ಗುರುತಿನ ರಕ್ಷಣೆಯೂ ಸಿಕ್ಕಿತು. ಅದನ್ನು ಬಳಸುವವರು ಕೊನೆಯಲ್ಲಿ ಬಿಡಿಸಿ ಸೇರಿಸಿದರೆ ಸಾಕು.

ಇನ್ನು ವಾಸನೆಯ ವಿಚಾರ. ಸಮುದ್ರದ ಉಪ್ಪುನೀರು ಮೀನಿನ ಜೀವಕೋಶದಿಂದ ನೀರನ್ನು ಸೆಳೆಯುತ್ತಲೇ ಇರುತ್ತದೆ. ಅದನ್ನು ತಡೆಯಲು ಕಡಲ ಮೀನುಗಳು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತುವನ್ನು ಕೂಡಿಟ್ಟುಕೊಳ್ಳುತ್ತವೆ. ಇದಕ್ಕೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೀನ್ ಮಾಡುತ್ತವೆ. ಮಾರುಕಟ್ಟೆಯ ‘ಮೀನು ವಾಸನೆ’ ಮುಖ್ಯವಾಗಿ ಅದರದ್ದು. ಇದು ಕ್ಷಾರ ಗುಣದ ವಸ್ತು, ಸುಲಭವಾಗಿ ಆವಿಯಾಗುತ್ತದೆ. ಹುಳಿ ತಾಗಿದರೆ ಲವಣವಾಗಿ ಮಾರ್ಪಟ್ಟು ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಬ್ರಿಟಿಷ್ ಅಡುಗೆಯವರು ಸಾಸ್‌ಗೆ ನಿಂಬೆ ಹಿಂಡುವಾಗಲೂ, ಮಂಗಳೂರಿನವರು ಬಂಗುಡೆ ಸಾರಿಗೆ ಹುಣಸೆ ಹಾಕುವಾಗಲೂ ನಡೆಯುವ ರಸಾಯನಕ್ರಿಯೆ ಒಂದೇ. ಹಾಲಿನ ಸಾಸ್‌ನಲ್ಲಿ ಮಾತ್ರ ಎಚ್ಚರ ಬೇಕು: ಹುಳಿ ಹೆಚ್ಚಾದರೆ ಹಾಲು ಒಡೆಯುತ್ತದೆ. ಪಿಷ್ಟ ಗಟ್ಟಿಯಾದ ಮೇಲೆ, ಒಲೆಯಿಂದಿಳಿಸಿ, ಅರ್ಧ ಹೋಳು ನಿಂಬೆ ಹಿಂಡಿದರೆ ತೊಂದರೆಯಿಲ್ಲ. ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಳ್ಳಲು ಪಿಷ್ಟದ ಬಲೆ ಎಡೆ ಕೊಡುವುದಿಲ್ಲ.

ಹಾಲು-ಮೀನು ಕೂಡಬಾರದೇ?

ಈ ಅಡುಗೆಯ ವಿವರ ಕೇಳಿದ ಕನ್ನಡದ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಪಾಸ್ತಾದ್ದಲ್ಲ. ‘ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ’ ಎಂಬ ಮಾತು ಕರಾವಳಿಯಿಂದ ಬಯಲುಸೀಮೆವರೆಗೆ ಚಾಲ್ತಿಯಲ್ಲಿದೆ. ಅದರ ಬೇರು ಹಳೆಯದು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ವಿರುದ್ಧಾಹಾರಗಳ ಚರ್ಚೆ ಬರುವಲ್ಲಿ ಹಾಲು-ಮೀನಿನ ಜೋಡಿಯೇ ಪ್ರಮುಖ ಉದಾಹರಣೆ: ಹಾಲಿನದು ಶೀತ ಗುಣ, ಮೀನಿನದು ಉಷ್ಣ ಗುಣ, ಎರಡೂ ಕೂಡಬಾರದು ಎಂಬ ವಾದ.

ತೊನ್ನಿನ ವಿಷಯದಲ್ಲಿ ಇಂದಿನ ವೈದ್ಯವಿಜ್ಞಾನದ ಉತ್ತರ ಸ್ಪಷ್ಟ. ದೇಹದ ರೋಗನಿರೋಧಕ ವ್ಯವಸ್ಥೆ ಚರ್ಮಕ್ಕೆ ಬಣ್ಣ ಕೊಡುವ ತನ್ನದೇ ಜೀವಕೋಶಗಳ ಮೇಲೆ ದಾಳಿ ಮಾಡಿದಾಗ ತೊನ್ನು ಬರುತ್ತದೆ. ಅದರಲ್ಲಿ ವಂಶವಾಹಿಗಳ ಪಾತ್ರವೂ ಇದೆ. ಹಾಲು-ಮೀನು ಅದಕ್ಕೆ ಕಾರಣವೆಂಬುದಕ್ಕೆ ಆಧಾರವಿಲ್ಲ. ಸ್ಕಾಟ್ಲೆಂಡಿನ ಕಲನ್ ಊರಿನವರು ಹೊಗೆ ಹ್ಯಾಡಕ್, ಆಲೂಗಡ್ಡೆ, ಹಾಲು ಸೇರಿಸಿ ಕಲನ್ ಸ್ಕಿಂಕ್ ಎಂಬ ಸೂಪು ಮಾಡುತ್ತಾರೆ. ಫಿನ್ಲೆಂಡಿನವರು ಸಾಲ್ಮನ್ ಸೂಪಿಗೆ ಕೆನೆ ಸುರಿಯುತ್ತಾರೆ. ಬಂಗಾಳದಲ್ಲಿ ಮೊಸರಿನಲ್ಲೇ ಮೀನು ಬೇಯಿಸುವ ದೊಯಿ ಮಾಛ್ ಹಬ್ಬದೂಟದ ಭಾಗ.

ಹಾಗಿದ್ದರೆ ಮೀನಿನೂಟದ ನಂತರ ಕೆಲವರ ಮೈ ಕೆಂಪಗಾಗಿ ತುರಿಸುವುದೇಕೆ? ಮೀನು ಅಥವಾ ಹಾಲಿನ ಅಲರ್ಜಿ ಇರುವವರಿಗೆ ಹಾಗಾಗುವುದು ಸಹಜ. ಅಲರ್ಜಿ ಇಲ್ಲದವರಲ್ಲೂ ಇನ್ನೊಬ್ಬ ಆರೋಪಿ ಇರುತ್ತಾನೆ: ಹಿಸ್ಟಮಿನ್. ಟ್ಯೂನಾ, ಬಂಗುಡೆಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಹಿಡಿದ ಮೀನನ್ನು ಮಂಜುಗಡ್ಡೆಯಲ್ಲಿಡದೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ದದ್ದು ಎದ್ದು, ತಲೆ ಸಿಡಿಯುತ್ತದೆ. ಜೊತೆಗೆ ಹಾಲೂ ಹೊಟ್ಟೆ ಸೇರಿದ್ದರೆ ದೂರು ಅದರ ಮೇಲೆ ಬೀಳುವುದು ಸುಲಭ.

ಚೀಸ್ ಮತ್ತು ಒಂದು ಇಗ್ ನೊಬೆಲ್

ಕುದಿಯುವ ಸಾಸ್‌ಗೆ ಚೀಸ್ ಸುರಿದು ಕೈಯಾಡಿಸಿದವರಿಗೆ ಅದು ಉಂಡೆಗಟ್ಟಿ, ಎಣ್ಣೆ ಬಿಟ್ಟು, ದಾರದಂತೆ ಎಳೆಯುವ ಅನುಭವ ಆಗಿರುತ್ತದೆ. ಚೀಸ್ ಎಂದರೆ ಕೇಸಿನ್ ಎಂಬ ಹಾಲಿನ ಪ್ರೋಟೀನಿನ ಜಾಲ. ಕ್ಯಾಲ್ಸಿಯಂ ಆ ಜಾಲಕ್ಕೆ ಹಾಕಿದ ಬೆಸುಗೆ. ಕೊಬ್ಬು, ನೀರು ಅದರೊಳಗಿನ ಸೆರೆಯಾಳುಗಳು. ಬಿಸಿಯೇರಿದಾಗ ಕೊಬ್ಬು ಮೊದಲು ಕರಗುತ್ತದೆ, ಆಮೇಲೆ ಜಾಲ ಸಡಿಲವಾಗುತ್ತದೆ. ಅತಿಯಾಗಿ ಬಿಸಿ ಮಾಡಿದರೆ ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಂಡು ಕೊಬ್ಬನ್ನೂ ನೀರನ್ನೂ ಹೊರಗೆ ತಳ್ಳುತ್ತವೆ.

ಇದನ್ನು ಪಿಷ್ಟ ಹೇಗೆ ತಡೆಯುತ್ತದೆ ಎಂಬುದನ್ನು ಇಟಲಿ ಮೂಲದ ಭೌತವಿಜ್ಞಾನಿಗಳ ತಂಡವೊಂದು ಅಳೆದೇ ನೋಡಿತು. ಅವರು ಆರಿಸಿಕೊಂಡದ್ದು ರೋಮ್ ನಗರದ ಕಾಚೊ ಎ ಪೆಪೆ: ಪೆಕೊರೀನೊ ಚೀಸ್, ಕಾಳುಮೆಣಸು, ಪಾಸ್ತಾ ಬೇಯಿಸಿದ ನೀರು ಬಿಟ್ಟರೆ ಬೇರೇನೂ ಇಲ್ಲದ, ಕೆಡುವುದಕ್ಕೆ ಹೆಸರಾದ ಸಾಸ್. ಚೀಸ್‌ನ ತೂಕದ ಶೇಕಡಾ 1ಕ್ಕಿಂತ ಕಡಿಮೆ ಪಿಷ್ಟವಿದ್ದಾಗ, ಬಿಸಿಯೇರುತ್ತಿದ್ದಂತೆ ಚೀಸ್ ದೊಡ್ಡ ಗಡ್ಡೆಗಳಾಗಿ ಬೇರ್ಪಟ್ಟಿತು. ಈ ಸ್ಥಿತಿಗೆ ಅವರಿಟ್ಟ ಹೆಸರು ‘ಮೊಝರೆಲ್ಲಾ ಹಂತ’. ಶೇಕಡಾ 2ರಿಂದ 3ರಷ್ಟು ಪಿಷ್ಟವಿದ್ದಾಗ ಸಾಸ್ ನಯವಾಗಿಯೇ ಉಳಿಯಿತು. 2025ರಲ್ಲಿ ‘ಫಿಸಿಕ್ಸ್ ಆಫ್ ಫ್ಲೂಯಿಡ್ಸ್’ ಪತ್ರಿಕೆಯಲ್ಲಿ ಬಂದ ಈ ಅಧ್ಯಯನಕ್ಕೆ ಅದೇ ವರ್ಷ ಭೌತವಿಜ್ಞಾನದ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚಿಸಲು ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನವದು.

ಮೀನು-ಪಾಸ್ತಾ ಬೇಕ್‌ಗೆ ಈ ಲೆಕ್ಕ ಹಾಕಿ ನೋಡಬಹುದು. 50 ಗ್ರಾಂ ಮೈದಾದಲ್ಲಿ ಸುಮಾರು 35 ಗ್ರಾಂ ಪಿಷ್ಟ. ಸಾಸ್‌ಗೆ 100 ಗ್ರಾಂ ಚೀಸ್ ಹಾಕಿ 50 ಗ್ರಾಂ ಮೇಲೆ ಉದುರಿಸಲು ಉಳಿಸಿಕೊಂಡರೆ, ಸಾಸ್‌ನಲ್ಲಿ ಪಿಷ್ಟದ ಪ್ರಮಾಣ ಚೀಸ್‌ನ ಮೂರನೇ ಒಂದರಷ್ಟಾಯಿತು. ರೋಮ್‌ನವರ ಸಾಸ್ ಕತ್ತಿಯಂಚಿನ ನಡಿಗೆಯಾದರೆ ಬಿಳಿ ಸಾಸ್‌ನದು ಹೆದ್ದಾರಿ. ಆದರೂ ಉರಿ ಆರಿಸಿ, ಒಂದು ನಿಮಿಷ ಬಿಟ್ಟು ಚೀಸ್ ಹಾಕುವುದೇ ಲೇಸು. ಅದು ಕರಗಲು 60-65 ಡಿಗ್ರಿ ಧಾರಾಳ.

ಓವನ್ನಿಗೆ ಇಡುವ ಮುನ್ನವೇ ಬೆಂದ ಮೀನು

ಈಗ ನಾಲ್ಕು ತಾಪಗಳ ಸಮಸ್ಯೆಗೆ ಮರಳಬಹುದು. ಸಾಸ್ ಕುದಿದು, ಚೀಸ್ ಕರಗಿ, ಈಗ 75 ಡಿಗ್ರಿಯಲ್ಲಿದೆ. ತೂಕ ಸುಮಾರು 800 ಗ್ರಾಂ. ಆಗಷ್ಟೇ ಬಸಿದ, ಹೆಚ್ಚುಕಡಿಮೆ ಅಷ್ಟೇ ಬಿಸಿಯಿರುವ ಪಾಸ್ತಾವನ್ನು ಅದರಲ್ಲಿ ಕಲಸಿದರೆ ಒಟ್ಟು 1,480 ಗ್ರಾಂ. ಫ್ರಿಜ್‌ನಿಂದ ತೆಗೆದ, 5 ಡಿಗ್ರಿಯ ಹಸಿ ಮೀನಿನ ತುಂಡು 450 ಗ್ರಾಂ. ಮೂರರಲ್ಲೂ ಹೆಚ್ಚಿನ ಪಾಲು ನೀರೇ ಆದ್ದರಿಂದ ಶಾಖ ಹಿಡಿಯುವ ಶಕ್ತಿ ಬಹುಮಟ್ಟಿಗೆ ಸಮ ಎಂದುಕೊಂಡು ಸರಾಸರಿ ತೆಗೆದರೆ 59 ಡಿಗ್ರಿ ಬರುತ್ತದೆ. ತಣ್ಣಗಿರುವ ಒಂದು ಕಿಲೋ ತೂಕದ ಪಿಂಗಾಣಿ ಪಾತ್ರೆ ತನ್ನ ಪಾಲಿನ ಶಾಖ ಕಸಿದುಕೊಂಡ ಮೇಲೂ 54ರ ಸುತ್ತ ನಿಲ್ಲುತ್ತದೆ.

ಅಂದರೆ, ಬಿಸಿ ಸಾಸ್ ಮತ್ತು ಬಿಸಿ ಪಾಸ್ತಾದ ನಡುವೆ ಹಸಿ ಮೀನನ್ನು ಹುದುಗಿಸಿದರೆ ಸಾಕು, ಓವನ್ನಿನ ನೆರವಿಲ್ಲದೆಯೇ ಅದು ತನ್ನ ಹದದ ಹತ್ತಿರ ಬಂದಿರುತ್ತದೆ. ಓವನ್ ಕೊಡಬೇಕಾದದ್ದು ಕೊನೆಯ ಕೆಲವೇ ಡಿಗ್ರಿ ಮತ್ತು ಮೇಲಿನ ಬಣ್ಣ. ಆ ಕೆಲವು ಡಿಗ್ರಿಗಳನ್ನು ಬಿಡುವಂತೆಯೂ ಇಲ್ಲ. ಕಡಲ ಮೀನುಗಳಲ್ಲಿ ಕಾಣಸಿಗುವ ಅನಿಸಾಕಿಸ್ ಎಂಬ ಹುಳುವಿನ ಮರಿಗಳು ಸಾಯಲು ಮೀನಿನ ನಡುಭಾಗ 60 ಡಿಗ್ರಿಯಲ್ಲಿ ಒಂದು ನಿಮಿಷವಾದರೂ ಇರಬೇಕು. ಅಮೆರಿಕದ ಕೃಷಿ ಇಲಾಖೆ ಮನೆ ಅಡುಗೆಗೆ ಹೇಳುವ ಮಿತಿ 63. ಮೂರು-ನಾಲ್ಕು ಸೆಂಟಿಮೀಟರಿನ ತುಂಡುಗಳಿಗೆ 200 ಡಿಗ್ರಿಯ ಓವನ್ನಿನಲ್ಲಿ 15ರಿಂದ 20 ನಿಮಿಷದೊಳಗೆ ಇದು ಒದಗುತ್ತದೆ. ನಡುವಿನ ತುಂಡಿಗೆ ಥರ್ಮಾಮೀಟರ್ ಚುಚ್ಚಿ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಬೆಳಗ್ಗೆಯೇ ಜೋಡಿಸಿ ಫ್ರಿಜ್‌ನಲ್ಲಿಟ್ಟ ಬೇಕ್‌ನ ಕಥೆ ಬೇರೆ. ಅದರ ನಡುಭಾಗಕ್ಕೆ ಬಿಸಿ ತಲುಪಲು 40 ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಅಂಚಿನ ಮೀನು ರಬ್ಬರ್.

ಓವನ್ ಒಳಗಿನ ಗಾಳಿ 200 ಡಿಗ್ರಿ ಇದ್ದರೂ ಸಾಸ್ 100 ದಾಟುವುದಿಲ್ಲ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಕ್ತಿ ಬೇಕು; ಒಳಗೆ ನೀರು ಇರುವಷ್ಟು ಹೊತ್ತು ಬರುವ ಶಾಖವೆಲ್ಲ ಅದಕ್ಕೇ ಖರ್ಚು. ಮೇಲಿನ ಬ್ರೆಡ್ ಪುಡಿಗೆ ಆ ರಕ್ಷಣೆ ಇಲ್ಲ. ಅದರ ಅಲ್ಪಸ್ವಲ್ಪ ನೀರು ಬೇಗ ಹಾರಿಹೋಗಿ ತಾಪ 140 ದಾಟುತ್ತದೆ. ಆಗ ಅಮೈನೋ ಆಮ್ಲಗಳೂ ಸಕ್ಕರೆಗಳೂ ಕೂಡಿ ಕಂದು ಬಣ್ಣ ಮತ್ತು ನೂರಾರು ಬಗೆಯ ಪರಿಮಳದ ಅಣುಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವರದಿ ಮಾಡಿದ ಕ್ರಿಯೆ ಇದು. ಅದರ ಹಂತಗಳನ್ನು ಬಿಡಿಸಿ ನಕ್ಷೆಯಾಗಿಸಿದ್ದು ಅಮೆರಿಕದ ರಸಾಯನಶಾಸ್ತ್ರಜ್ಞ ಜಾನ್ ಹಾಜ್, 1953ರಲ್ಲಿ. ಬ್ರೆಡ್ ಪುಡಿಯನ್ನು ಮೊದಲೇ ಬೆಣ್ಣೆಯಲ್ಲಿ ಕಲಸಿದರೆ ಬಣ್ಣ ಬೇಗ, ಒಂದೇ ಸಮನಾಗಿ ಬರುತ್ತದೆ. ಹಾಗೆಂದು ಅದನ್ನು ಸಾಸ್‌ನೊಳಗೆ ಒತ್ತಬಾರದು. ಒದ್ದೆಯಾದ ಪುಡಿ 100ರ ಗಡಿ ದಾಟಲಾರದು.

ಪಾತ್ರೆಯೂ ಈ ಕಥೆಯ ಪಾಲುದಾರ. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಕಂಪನಿಯ ಭೌತವಿಜ್ಞಾನಿ ಜೆಸ್ಸಿ ಲಿಟಲ್‌ಟನ್ ಅವರ ಹೆಂಡತಿ ಬೆಸ್ಸಿ ಅವರ ಮಣ್ಣಿನ ಬೇಕಿಂಗ್ ಪಾತ್ರೆ 1913ರ ಸುಮಾರಿಗೆ ಒಡೆದುಹೋಯಿತು. ಗಂಡ ಕಾರ್ಖಾನೆಯಿಂದ ಬ್ಯಾಟರಿಗೆ ಬಳಸುವ ಗಾಜಿನ ಜಾಡಿಯ ತಳ ಕೊಯ್ದು ತಂದರು. ಅದರಲ್ಲಿ ಬೆಸ್ಸಿ ಕೇಕ್ ಬೇಯಿಸಿಯೇಬಿಟ್ಟರು. 1915ರಲ್ಲಿ ಪೈರೆಕ್ಸ್ ಪಾತ್ರೆಗಳು ಅಂಗಡಿಗೆ ಬಂದವು. ಬೋರಾನ್ ಬೆರೆತ ಆ ಗಾಜು ಬಿಸಿಗೆ ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದರಷ್ಟು ಮಾತ್ರ. ಹಾಗಾಗಿ ತಾಪ ಏರಿಳಿದರೂ ಸುಲಭಕ್ಕೆ ಸೀಳುವುದಿಲ್ಲ.

ಓವನ್ನಿನಿಂದ ತೆಗೆದ ಬೇಕ್ ಐದರಿಂದ ಹತ್ತು ನಿಮಿಷ ಹಾಗೇ ಕೂರಬೇಕು. ಕುದಿಯುವ ಸಾಸ್ ಯಾವತ್ತೂ ತೆಳು. ತಾಪ ಇಳಿದಂತೆ ಪಿಷ್ಟದ ಎಳೆಗಳು ಒಂದಕ್ಕೊಂದು ಹೆಣೆದು ಅದು ತಾನೇ ಗಟ್ಟಿಯಾಗುತ್ತದೆ. ಉಳಿದದ್ದನ್ನು ಒಂದೆರಡು ಗಂಟೆಯೊಳಗೆ ಆರಿಸಿ ಫ್ರಿಜ್ ಸೇರಿಸಿ, ಎರಡು ದಿನದೊಳಗೆ ಮುಗಿಸಬೇಕೆಂಬುದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯ ಸಲಹೆ. ತಣ್ಣಗಾದ ಪಾಸ್ತಾದಲ್ಲಿ ಪಿಷ್ಟ ಮತ್ತೆ ಹರಳುಗಟ್ಟಿ ಗಡುಸಾಗುತ್ತದೆ. ಅಮೈಲೋಪೆಕ್ಟಿನ್ ಎಂಬ ಕವಲೊಡೆದ ಪಿಷ್ಟದ ಹರಳು 60 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಮೆದುವಾಗುತ್ತದೆ, ಅಮೈಲೋಸ್‌ನ ಹರಳು ನೂರಕ್ಕೂ ಕರಗದು. ಎರಡು ಚಮಚ ಹಾಲು ಸೇರಿಸಿ ಬಿಸಿ ಮಾಡಿದರೆ ಸಾಸ್ ಬಹುಪಾಲು ಹಿಂದಿನ ರೂಪಕ್ಕೆ ಬರುತ್ತದೆ.

ಮೀನು ಮಾತ್ರ ಬರುವುದಿಲ್ಲ. ಹೊಗೆಯಾಡುವಷ್ಟು ಬಿಸಿ ಮಾಡಿದಾಗ ಅದು 70 ದಾಟಿಯೇ ದಾಟುತ್ತದೆ, ಹಿಂದಿನ ರಾತ್ರಿ ಉಳಿಸಿಕೊಂಡಿದ್ದ ರಸ ಆಗ ಸೋರುತ್ತದೆ. ಎರಡು ದಿನಕ್ಕಾಗುವಷ್ಟು ಒಮ್ಮೆಗೇ ಮಾಡಿಡುವ ಮನೆಗಳಿಗೆ ಡಬ್ಬಿಯ ಟ್ಯೂನಾ ಒಗ್ಗುವುದು ಇಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊದಲ್ಲಿ 1903ರಲ್ಲಿ, ಸಾರ್ಡೀನ್ ಸಿಗದೆ ಖಾಲಿ ಕೂತ ಕಾರ್ಖಾನೆಯೊಂದು ಟ್ಯೂನಾ ತುಂಬಲು ಶುರುಮಾಡಿದಂದಿನಿಂದ ಅದರ ವಿಧಾನ ಹೆಚ್ಚೇನೂ ಬದಲಾಗಿಲ್ಲ: ಮೊದಲು ಹಬೆಯಲ್ಲಿ ಬೇಯಿಸಿ, ಡಬ್ಬಿಗೆ ತುಂಬಿ, ಮುಚ್ಚಿ, ಮತ್ತೆ ಒತ್ತಡದ ಹಬೆಯಲ್ಲಿ ಬೇಯಿಸುವುದು. ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳನ್ನು ಕೊಲ್ಲಲು ಈಗ ಅದನ್ನು 116ರಿಂದ 121 ಡಿಗ್ರಿವರೆಗೆ ಏರಿಸುತ್ತಾರೆ. ಸೋರಬೇಕಾದ ರಸವೆಲ್ಲ ಅಲ್ಲೇ ಸೋರಿ ಮುಗಿದಿರುತ್ತದೆ. ಮನೆಯ ಓವನ್ ಎಷ್ಟು ಸಲ ಬಿಸಿ ಮಾಡಿದರೂ ಆ ಮೀನಿನ ಮೇಲೆ ಹೊಸದಾಗಿ ಆಗುವುದು ಅಷ್ಟಕ್ಕಷ್ಟೆ; ಅದನ್ನು ತೇವವಾಗಿಡುವ ಹೊಣೆ ಪೂರ್ತಿ ಸಾಸ್‌ನದು. ಅಂಥ ಬೇಕ್‌ಗೆ ಹಾಲನ್ನು 100 ಮಿಲಿಲೀಟರ್ ಹೆಚ್ಚಿಗೆ ಅಳೆದುಕೊಳ್ಳಬೇಕು, ಟ್ಯೂನಾವನ್ನು ಎಲ್ಲಕ್ಕಿಂತ ಕೊನೆಗೆ, ಪುಡಿಯಾಗದಂತೆ ದೊಡ್ಡ ದೊಡ್ಡ ತುಂಡುಗಳಾಗಿಯೇ ಬೆರೆಸಬೇಕು.